ತಗಡಿನ ಸಂಸಾರ ನೀರುನಾಯಿ ನೋಡಿದ್ದು

ಕಾಡಿನ ಬಾಗಿಲಿನ ಗಾರ್ಡ್‌ಗೆ ಈ ಸಂಸಾರ ಕಾಣುವ ಮೊದಲೇ ಕೇಳಿಸುತ್ತಿತ್ತು. ಬಸ್ಸು ಇನ್ನೂ ತಿರುವಿನಲ್ಲಿ ಇರುವಾಗಲೇ ಆತ ಟೀ ಲೋಟ ಕೆಳಗಿಟ್ಟು, ಬಂದರಪ್ಪ ತಗಡಿನವರು ಎಂದು ಎದ್ದು ನಿಲ್ಲುತ್ತಿದ್ದ. ಬಸ್ಸಿನಿಂದ ಮೊದಲು ಇಳಿಯುವುದು ಅತ್ತೆಯ ಗಂಟಲು, ಆಮೇಲೆ ಅತ್ತೆ. ಅವರ ಹಿಂದೆ ಮಗ. ಅವನ ಹಿಂದೆ ಊಟದ ಚೀಲ ಹೊತ್ತ ಸೊಸೆ, ಬೀದಿಯವರ ಬಾಯಲ್ಲಿ ತಗಡಿನಕ್ಕ. ಎಲ್ಲರಿಗಿಂತ ಕೊನೆಗೆ, ಇವರು ಯಾರೋ ನಾನು ಯಾರೋ ಎನ್ನುವ ಹಾಗೆ ದೂರ ಬಿಟ್ಟು ಇಳಿಯುವವಳು ಗುಬ್ಬಿ, ಹದಿನೈದು ವರ್ಷದ ಮಗಳು.

ಹುಟ್ಟಿದಾಗ ಅಂಗೈಯಷ್ಟೇ ಇದ್ದಳು ಎಂದು ಇಟ್ಟ ಅಡ್ಡಹೆಸರು. ಈಗ ಅಮ್ಮನಿಗಿಂತ ಎತ್ತರ. ಆದರೂ ಆ ಮನೆಯಲ್ಲಿ ಮೆಲ್ಲಗೆ ಮಾತಾಡುವ ಒಂದೇ ಒಂದು ಪ್ರಾಣಿ ಎಂದರೆ ಅವಳೇ, ಅದಕ್ಕೆ ಹೆಸರು ಹಾಗೇ ನಿಂತಿತು.

ಉಳಿದವರನ್ನು ಬೈದು ಪ್ರಯೋಜನವಿಲ್ಲ. ಪೇಟೆಯ ಹಿಂದಿನ ಬೀದಿಯಲ್ಲಿ ಅವರದು ತಗಡಿನ ಅಂಗಡಿ. ಕೆಳಗೆ ಕೆಲಸ, ಮೇಲೆ ಮನೆ. ಟ್ರಂಕು, ಬಕೀಟು, ಲಾಳಿಕೆ, ಸೂರಿನಿಂದ ಮಳೆನೀರು ಇಳಿಸುವ ದೋಣಿ, ಏನು ಬೇಕಾದರೂ ಮಾಡಿಕೊಡುತ್ತಿದ್ದರು. ಗಂಡ ಕತ್ತರಿಸಿ ಮಡಿಸುತ್ತಿದ್ದ, ಅಕ್ಕ ಅಂಚು ಬಡಿದು ರಿವೆಟ್ ಹಾಕುತ್ತಿದ್ದಳು. ಬೆಸುಗೆ ಅತ್ತೆಯದು. ಸೊಸೆ ಬರುವ ಮೊದಲು ಸುತ್ತಿಗೆಯೂ ಅವರ ಕೈಯಲ್ಲೇ ಇದ್ದದ್ದು, ಕಿವಿಗಳನ್ನು ಅದಕ್ಕೇ ಕೊಟ್ಟಿದ್ದರು. ಬೆಳಗಿನಿಂದ ಸಂಜೆಯವರೆಗೆ ಢಣಢಣ ಎನ್ನುವ ಕಡೆ ಬದುಕುವವರಿಗೆ ಪಿಸುಮಾತು ಎಂದರೆ ಬೀದಿಯ ಆಚೆ ಬದಿಗಷ್ಟೇ ಕೇಳಿಸುವ ಮಾತು.

ಕಾಡಿನ ಹುಚ್ಚು ಹತ್ತಿದ್ದು ಗುಬ್ಬಿಗೆ. ಶಾಲೆಯಿಂದ ಒಮ್ಮೆ ಕರೆದುಕೊಂಡು ಬಂದಿದ್ದರು, ಅಷ್ಟೇ ಸಾಕಾಯಿತು. ಒಬ್ಬಳನ್ನೇ ಒಳಗೆ ಬಿಡುವುದಿಲ್ಲ, ದೊಡ್ಡವರು ಜೊತೆಗಿರಬೇಕು ಎಂದು ಅಲ್ಲಿನ ಕಾನೂನು. ಹಾಗಾದರೆ ಎಲ್ಲರೂ ಹೋಗೋಣ ಎಂದಳು ಅಕ್ಕ. ಅವಳ ಲೆಕ್ಕ ಬೇರೆ ಇತ್ತು. ವಾರದಲ್ಲಿ ಆರು ದಿನ ಮಗಳು ಶಾಲೆಗೆ, ತಾನು ಸುತ್ತಿಗೆಗೆ. ಮಗಳ ಮುಖವನ್ನು ನೆಟ್ಟಗೆ ನೋಡಲು ಸಿಗುವುದು ಭಾನುವಾರ ಮಾತ್ರ. ಆ ಭಾನುವಾರ ಕಾಡಿನಲ್ಲಿ ಕಳೆದರೇನು, ಗೋಡೆ ನೋಡುತ್ತ ಕಳೆದರೇನು, ಮಗಳು ಪಕ್ಕದಲ್ಲಿದ್ದರೆ ಆಯಿತು.

ಬಾಗಿಲಲ್ಲೊಂದು ದೊಡ್ಡ ಹಲಗೆ: ಮಾತು ಬೆಳ್ಳಿ, ಮೌನ ಬಂಗಾರ. ಗಂಡ ಪ್ರತಿ ಸಲವೂ ಅದನ್ನು ಗಟ್ಟಿಯಾಗಿ ಓದಿ, ನಮಗೆ ತಗಡೇ ಸಾಕು ಎಂದು ನಗುತ್ತಿದ್ದ. ಗುಬ್ಬಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಬೇಸಿಗೆಯಲ್ಲಿ ಕಾಡು ಬೆಂಕಿಪೊಟ್ಟಣದ ಹಾಗೆ ಒಣಗಿತ್ತು. ಕಾಲಿಟ್ಟಲ್ಲೆಲ್ಲ ತರಗೆಲೆ ಚರಚರ. ಅಂಥದರಲ್ಲೂ ಗುಬ್ಬಿ ಬೆಕ್ಕಿನ ಹೆಜ್ಜೆ ಇಟ್ಟು ಮುಂದೆ ಹೋಗಿ ಕೈ ಎತ್ತಿ ನಿಲ್ಲಿಸಿದಳು. ಪೊದೆಯ ಆಚೆ ಜಿಂಕೆ, ಮರಿ ಸಮೇತ. ಬಿಸಿಲು ಅದರ ಬೆನ್ನಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿದ್ದಿತ್ತು. ಅಕ್ಕನಿಗೆ ಸಂತೋಷ ತಡೆಯಲಾಗಲಿಲ್ಲ. ಅತ್ತೆಗೆ ಕಾಣಿಸಲಿಲ್ಲವೇನೋ ಎಂದು ಅವರ ಕಿವಿಯ ಬಳಿ ಬಾಯಿಟ್ಟು, ಬಹಳ ಮೆಲ್ಲಗೆ, "ಅತ್ತೇ, ಜಿಂಕೆ, ಅಲ್ಲಿ ನೋಡಿ, ಮರೀನೂ ಇದೆ" ಎಂದಳು.

ಜಿಂಕೆ ಹೋಯಿತು. ಮರಿ ಹೋಯಿತು. ಎದುರಿನ ಮರದಲ್ಲಿದ್ದ ಹಕ್ಕಿಗಳೆಲ್ಲ ಹೋದವು. ಮರದ ಅಟ್ಟಣೆಯ ಮೇಲೆ ಬೆಳಗಿನಿಂದ ಕ್ಯಾಮೆರಾ ಹಿಡಿದು ಕುಳಿತಿದ್ದ ಇಬ್ಬರು ಸಾಮಾನು ಕಟ್ಟತೊಡಗಿದರು. ವಾಪಸ್ ಬರುವಾಗ ಬಾಗಿಲಲ್ಲಿ ಗಾರ್ಡ್ ಕೈ ಮುಗಿದು, "ತಾಯಿ, ನಿಮ್ಮ ಪಿಸುಮಾತಿಗೆ ನನ್ನ ಗೇಟು ಅಲ್ಲಾಡ್ತು" ಎಂದ. ಅಕ್ಕ ಅವನ ಗೇಟಿನ ತುಕ್ಕು ಹಿಡಿದ ಕೀಲುಗಳ ಬಗ್ಗೆ ನಾಲ್ಕು ಮಾತು ಆಡಿದಳು. ಅದೂ ಅಟ್ಟಣೆಯವರೆಗೆ ಕೇಳಿಸಿತು.

ಅದೇ ದಿನ ಪ್ರಾಣಿ ಪಕ್ಷಿ ನೋಡುವ ಒಂದು ಸಂಘದವರು ಸಿಕ್ಕಿದ್ದು. ಪ್ರತಿ ಭಾನುವಾರ ಒಬ್ಬರು ಮೇಷ್ಟ್ರು ಹತ್ತಾರು ಹುಡುಗ ಹುಡುಗಿಯರನ್ನು ಸಾಲಾಗಿ ಕರೆದುಕೊಂಡು ಬರುತ್ತಿದ್ದರು. ಎಲ್ಲರಿಗೂ ಒಂದೇ ಬಣ್ಣದ ಟೋಪಿ, ಒಬ್ಬರ ಬಾಯಲ್ಲೂ ಸದ್ದಿಲ್ಲ. ಮೇಷ್ಟ್ರು ಗುಬ್ಬಿಯನ್ನು ಗಮನಿಸಿದ್ದರಂತೆ. ನಿನ್ನ ಕಣ್ಣು ಚೆನ್ನಾಗಿದೆ, ನಮ್ಮ ಜೊತೆ ಬಂದುಬಿಡು, ನಮ್ಮವರೆಲ್ಲ ಹೊಳೆಯ ಒಡ್ಡಿನ ಕೆಳಗಿನ ಮಡುವಿನಲ್ಲಿ ನೀರುನಾಯಿ ನೋಡಿದ್ದಾರೆ ಎಂದರಂತೆ.

ಬಸ್ಸಿನಲ್ಲಿ ಗುಬ್ಬಿ ಬಾಯಿ ಬಿಟ್ಟಳು. ಮುಂದಿನ ವಾರದಿಂದ ತಾನು ಸಂಘದವರ ಜೊತೆ ಬರುತ್ತೇನೆ, ನೀವು ಮನೆಯಲ್ಲಿ ಆರಾಮಾಗಿರಿ ಎಂದಳು. ಆರಾಮಾಗಿರಿ ಎಂದ ರೀತಿಯೇ ಅಕ್ಕನಿಗೆ ಚುಚ್ಚಿತು.

"ಯಾಕೆ, ನಾವು ಬಂದ್ರೆ ನಿನಗೆ ಅವಮಾನಾನಾ?"

"ಅವಮಾನ ಅಲ್ಲ ಅಮ್ಮಾ. ನಿಮ್ಮ ಜೊತೆ ಬಂದ್ರೆ ಏನೂ ಕಾಣಲ್ಲ. ಎಲ್ಲಾ ಓಡಿಹೋಗುತ್ತೆ. ಈ ವರ್ಷ ನಾನು ನೋಡಿರೋದು ಬರೀ ಬಾಲಗಳು."

ಮೂಗಿನ ತುದಿಯ ಕೋಪ ಅಕ್ಕನಿಗೆ. ಹೋಗು, ಇವತ್ತೇ ಹೋಗು, ಟೋಪಿ ಬೇಕಾದರೆ ನಾನೇ ಹೊಲಿದು ಕೊಡುತ್ತೇನೆ ಎಂದು ಹಾರಾಡಿದಳು. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಭಾನುವಾರ ಮಗಳಿಲ್ಲದ ಮನೆ ಕಣ್ಣ ಮುಂದೆ ಬಂತು. ಗಂಡ ಪೇಪರು ಓದುತ್ತಾನೆ, ಅತ್ತೆ ನಿದ್ದೆ ಮಾಡುತ್ತಾರೆ, ತಾನು? ಊರು ಬರುವಷ್ಟರಲ್ಲಿ ಕೋಪ ಇಳಿದು ಹಟ ಏರಿತ್ತು.

"ಆ ನೀರುನಾಯಿ ನಾವೇ ತೋರಿಸಿದ್ರೆ?" ಎಂದಳು.

ಗುಬ್ಬಿ ಯೋಚಿಸಿದಳು. ಅವಳೂ ಅದೇ ಅಂಗಡಿಯಲ್ಲಿ ಬೆಳೆದವಳು, ಚೌಕಾಸಿ ಗೊತ್ತು. ಚಳಿಗಾಲ ಮುಗಿಯುವುದರೊಳಗೆ ನಿಮ್ಮ ಜೊತೆ ಇದ್ದಾಗ ನೀರುನಾಯಿ ಕಂಡರೆ ಭಾನುವಾರಗಳೆಲ್ಲ ನಿಮ್ಮವು, ಇಲ್ಲದಿದ್ದರೆ ಸಂಘದವರವು ಎಂದಳು. ಅಕ್ಕ ಒಪ್ಪಿದಳು. ತೋರಿಸದಿದ್ದರೆ ನನ್ನನ್ನು ತಗಡಿನಕ್ಕ ಎಂದು ಕರೆಯಬೇಡಿ ಎಂದು ಬಸ್ ನಿಲ್ದಾಣದಲ್ಲೇ ಶಪಥ ಮಾಡಿದಳು. ಅಲ್ಲಿ ಹಣ್ಣು ಮಾರುವವಳು, ಆಗಲಿ ತಗಡಿನಕ್ಕ ಎಂದಳು.

ಶಪಥ ಮಾಡುವುದು ಸುಲಭ, ಬಾಯಿ ಮುಚ್ಚುವುದು ಕಷ್ಟ. ಬೇಸಿಗೆ ಪೂರ್ತಿ ಏನೇನೋ ಮಾಡಿ ನೋಡಿದರು. ಅಕ್ಕ ಬಾಯಿಗೆ ಸೆರಗು ತುರುಕಿಕೊಂಡಳು, ಉಸಿರು ಕಟ್ಟಿತು. ಗಂಡ ಪೆಪ್ಪರಮೆಂಟು ಚೀಪಿದ, ಅದರ ಕಾಗದದ ಸದ್ದಿಗೇ ಮೊಲ ಓಡಿತು. ಅತ್ತೆಯನ್ನು ಬಿಟ್ಟು ಹೋಗೋಣವೇ ಎಂದು ಗಂಡ ಕೇಳಿದ್ದಕ್ಕೆ ಅತ್ತೆ ಬಾಗಿಲಿಗೆ ಅಡ್ಡ ಕುಳಿತರು. "ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ ಅಂತ ನನ್ನ ವಯಸ್ಸಿನವರನ್ನ ಕಂಡು ಹೇಳ್ತಾರೆ. ನಿಮ್ಮ ಕಾಡು ನನ್ನ ಕಂಡ್ರೆ ಹೋಗು ಹೋಗು ಅಂತಿದೆ. ಅದಕ್ಕೇ ಹೋಗ್ತೀನಿ, ಇನ್ನಷ್ಟು ದಿನ ಬದುಕ್ತೀನಿ." ಅವರೂ ಹೊರಟರು.

ಮಳೆ ಬಂತು. ಮಳೆ ಎಂದರೆ ಹನಿಯಲ್ಲ, ಕೊಡ ಬಗ್ಗಿಸಿದ ಹಾಗೆ. ಅಂಗಡಿಯಲ್ಲಿ ನೀರು ಇಳಿಸುವ ದೋಣಿಗೆ ಜನ ಸಾಲು ನಿಂತಿದ್ದರು. ಆದರೂ ಭಾನುವಾರ ಬಾಗಿಲು ಹಾಕಿ ಹೊರಟರು. ಕಾಡಿನ ಬಾಗಿಲಲ್ಲಿ ಬೇರೆ ಯಾರೂ ಇರಲಿಲ್ಲ. ಸಂಘದವರ ಟೋಪಿಗಳೂ ಕಾಣಲಿಲ್ಲ. ಇಂಥ ಮಳೆಯಲ್ಲಿ ಹುಚ್ಚರು ಮಾತ್ರ ಬರುತ್ತಾರೆ ಎಂದು ಗಾರ್ಡ್ ಹೇಳಿ, ಒಡ್ಡಿನ ಕೆಳಗಿನ ಮಂಟಪದವರೆಗೆ ಹೋಗಿ, ಅದರಾಚೆ ಕಾಲಿಡಬೇಡಿ ಎಂದು ಬಿಟ್ಟ.

ಅಬ್ಬಾ, ಆ ಒಡ್ಡು. ಬೇಸಿಗೆಯಲ್ಲಿ ಕಲ್ಲಿನ ಮೇಲೆ ಬೆರಳು ಗಾತ್ರದ ನೀರು ಇಳಿಯುತ್ತಿದ್ದ ಜಾಗ ಈಗ ಹಾಲಿನ ಗೋಡೆಯ ಹಾಗೆ ಧುಮುಕುತ್ತಿತ್ತು. ನೆಲ ಅದುರುತ್ತಿತ್ತು. ಮರಗಳೆಲ್ಲ ತೊಯ್ದು ಕಪ್ಪಾಗಿ, ಅವುಗಳ ಮೇಲೆ ಪಾಚಿ ಉಕ್ಕಿ, ಕಣ್ಣಿಗೆ ಹಸಿರು ಬಿಟ್ಟು ಬೇರೆ ಬಣ್ಣವೇ ಇರಲಿಲ್ಲ. ಸದ್ದಿಗೆ ಕಿವಿ ತುಂಬಿಹೋಯಿತು. ಮಂಟಪದ ಕಟ್ಟೆಯ ಮೇಲೆ ನಾಲ್ವರೂ ಕುಳಿತರು. ಕುಳಿತ ತುಸು ಹೊತ್ತಿಗೆ ಗಂಡ ಬೆರಳು ಮಡಿಚಿ ಬಾಯಿಯ ಕಡೆ ತಂದ. ಅಕ್ಕ ಚೀಲದಿಂದ ಬ್ರೆಡ್ಡು ಮತ್ತು ಬೇಯಿಸಿದ ಮೊಟ್ಟೆ ತೆಗೆದುಕೊಟ್ಟಳು. ಅತ್ತೆ ಅಂಗೈ ಕೆಳಗೆ ಮಾಡಿ ಹನಿ ಉದುರಿದ ಹಾಗೆ ಬೆರಳು ಆಡಿಸಿದರು. ಅಕ್ಕ ಸರಿದು ಕುಳಿತಳು, ಅವಳ ತಲೆಯ ಮೇಲೆ ಮಂಟಪ ಸೋರುತ್ತಿತ್ತು.

ಇದೇನು ಹೊಸದಲ್ಲ. ಸುತ್ತಿಗೆ ಬೀಳುವಾಗ ಯಾರು ಬಾಯಿ ನೋಯಿಸಿಕೊಳ್ಳುತ್ತಾರೆ? ಅಂಗಡಿಯಲ್ಲಿ ಎಲ್ಲದಕ್ಕೂ ಕೈಸನ್ನೆ ಇತ್ತು. ಎರಡು ಬೆರಳು ಕತ್ತರಿಯಾದರೆ ಕತ್ತರಿಸು. ಅಂಗೈ ಕೆಳಗೆ ಮಾಡಿ ಬೆರಳು ಆಡಿಸಿದರೆ ಸೋರುತ್ತಿದೆ. ಗಲ್ಲ ಎತ್ತಿ ಬಾಗಿಲ ಕಡೆ ತೋರಿಸಿ ಅಂಗೈ ಮೇಲೆ ಅಂಗೈ ತಟ್ಟಿದರೆ ಗಿರಾಕಿ ಬಂದಿದ್ದಾರೆ. ಗುಬ್ಬಿ ನಡೆಯಲು ಕಲಿಯುವ ಮೊದಲೇ ಇದನ್ನು ಕಲಿತಿದ್ದಳು. ಈಗ ಅವಳೂ ಶುರು ಮಾಡಿದಳು. ಒಡ್ಡಿನ ಪಕ್ಕದ ಕೆಸರಿನ ದಂಡೆಯನ್ನು ತೋರಿಸಿ, ಅಂಗೈ ಇಳಿಜಾರು ಮಾಡಿ ಜಾರಿಸಿದಳು. ಅಲ್ಲಿ ಕೆಸರಿನಲ್ಲಿ ಯಾವುದೋ ಹೊಟ್ಟೆ ಜಾರಿದ ನುಣುಪಾದ ಗುರುತು. ಕೆಳಗೆ ಕಲ್ಲಿನ ಮೇಲೆ ಒಂದು ಮೀನಿನ ತಲೆ. ನೀರುನಾಯಿಯ ಜಾರುಬಂಡಿ.

ನಾಲ್ವರ ಕೈಗಳೂ ಒಟ್ಟಿಗೆ ಹಾರಾಡಿದವು. ಎಷ್ಟು ದೊಡ್ಡದು ಎಂದು ಗಂಡ ಕೈ ಅಗಲಿಸಿದ. ಟ್ರಂಕಿನಷ್ಟು ಎಂದು ಅತ್ತೆ ಅಳತೆ ಕೊಟ್ಟರು. ಸುಳ್ಳು, ಬಕೀಟಿನಷ್ಟು ಎಂದಳು ಅಕ್ಕ. ಗುಬ್ಬಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಿಂಚುಳ್ಳಿ ಒಂದು ಅವರ ಎದುರಿನ ಕೊಂಬೆಗೇ ಬಂದು ಕುಳಿತು, ಇವರನ್ನು ಮರವೆಂದುಕೊಂಡು ಮೈ ಕೊಡವಿಕೊಂಡಿತು. ಅಷ್ಟು ಹತ್ತಿರದಿಂದ ಅಕ್ಕ ಹಕ್ಕಿಯ ಕಣ್ಣನ್ನು ಯಾವತ್ತೂ ನೋಡಿರಲಿಲ್ಲ. ಎದೆಯೊಳಗೆ ಏನೋ ಕುಣಿಯಿತು. ಪಕ್ಕಕ್ಕೆ ತಿರುಗಿದರೆ ಗುಬ್ಬಿ ನೋಡುತ್ತಿದ್ದುದು ಹಕ್ಕಿಯನ್ನಲ್ಲ, ಅಮ್ಮನ ಮುಖವನ್ನು.

ನೀರುನಾಯಿ ಅವತ್ತು ಕಾಣಲಿಲ್ಲ. ಇಷ್ಟು ಕದಡಿದ ನೀರಿನಲ್ಲಿ ಅದಕ್ಕೇ ಮೀನು ಕಾಣುವುದಿಲ್ಲ, ನಿಮಗೆ ಅದು ಹೇಗೆ ಕಾಣಬೇಕು ಎಂದ ಗಾರ್ಡ್. ನೀರು ಇಳಿದು ತಿಳಿಯಾಗಲಿ, ಚಳಿಗಾಲದ ಬೆಳಗ್ಗೆ ಬನ್ನಿ ಎಂದ. ಆದರೆ ಬಸ್ಸಿನಲ್ಲಿ ಗುಬ್ಬಿ ಅಮ್ಮನ ಪಕ್ಕದಲ್ಲೇ ಕುಳಿತಳು. "ಅಮ್ಮಾ, ಇವತ್ತು ನೀನು ಒಂದೇ ಒಂದು ಮಾತು ಆಡ್ಲಿಲ್ಲ, ಗೊತ್ತಾಯ್ತಾ?" ಎಂದಳು. ಅಕ್ಕನಿಗೆ ಗೊತ್ತೇ ಆಗಿರಲಿಲ್ಲ. ಗೆದ್ದೆವು, ಇನ್ನೇನು ಗೆದ್ದ ಹಾಗೇ ಎಂದುಕೊಂಡಳು.

ಎಲ್ಲಿ ಗೆಲ್ಲುವುದು? ಮಳೆ ನಿಂತ ಮೇಲೆ ಕಾಡು ಮದುವೆಮನೆಯಾಗಿತ್ತು. ಬಿದ್ದ ಮರದ ತುಂಬ ಅಣಬೆಗಳು, ಹಾದಿಯ ಎರಡೂ ಬದಿಗೆ ಹೂವು, ಕೈಯಗಲದ ಚಿಟ್ಟೆಗಳು. ಗುಬ್ಬಿ ಇಲ್ಲಿ ನೋಡು ಅಲ್ಲಿ ನೋಡು ಎಂದು ಓಡಾಡಿದಳು. ಒಡ್ಡಿನ ನೀರು ಇಳಿದಿತ್ತು. ಸದ್ದೂ ಇಳಿದಿತ್ತು. ಮಡು ತಿಳಿಯಾಗಿತ್ತು. ಮಂಟಪದಲ್ಲಿ ಕುಳಿತರು. ಆಚೆ ದಡದ ಬೇರುಗಳ ನಡುವೆ ನೀರು ಉಬ್ಬಿತು, ಗುಳ್ಳೆಗಳು ಸಾಲಾಗಿ ಎದ್ದವು. ಗುಬ್ಬಿ ಉಸಿರು ಹಿಡಿದು ಮುಂದಕ್ಕೆ ಬಾಗಿದಳು.

ಆಗ ಗಂಡ, "ಎಷ್ಟು ಶಾಂತವಾಗಿದೆ ಅಲ್ವಾ" ಎಂದ.

ಗುಳ್ಳೆಗಳು ನಿಂತವು. ಅತ್ತೆ, ಏನಂದೆಯೋ ಎಂದರು. ಶಾಂತವಾಗಿದೆ ಎಂದೆ ಎಂದು ಅವನು ಇನ್ನೂ ಗಟ್ಟಿಯಾಗಿ ಹೇಳಿದ. ಅಕ್ಕನಿಗೆ ಉರಿದುಹೋಯಿತು. ಬಾಯಿಗೆ ಬೀಗ ಹಾಕಲು ಆಗುವುದಿಲ್ಲವೇ, ಒಂದು ಗಳಿಗೆ ತಡೆದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಗಂಡನನ್ನು ತರಾಟೆಗೆ ತೆಗೆದುಕೊಂಡಳು. ಅವನ ಮದುವೆಯ ದಿನದಿಂದ ಹಿಡಿದು ಮೊನ್ನೆ ವಕ್ರವಾಗಿ ಕತ್ತರಿಸಿದ ಟ್ರಂಕಿನ ಮುಚ್ಚಳದವರೆಗೆ ಕಾಡಿಗೆ ಕಾಡೇ ಕೇಳಿಸಿಕೊಂಡಿತು. ಅಷ್ಟರಲ್ಲಿ ಸಂಘದವರ ಸಾಲು ಹಾದಿಯಲ್ಲಿ ಬಂದು ನಿಂತಿತ್ತು. ಟೋಪಿಗಳೆಲ್ಲ ಇವರ ಕಡೆ ತಿರುಗಿದ್ದವು. ಯಾರೋ ಕಿಸಕ್ಕನೆ ನಕ್ಕರು. ಗುಬ್ಬಿ ಎದ್ದು ಬಸ್ಸಿನ ಕಡೆ ನಡೆದಳು.

ಆ ವಾರ ಅಕ್ಕ ಬಡಿದ ತಗಡೆಲ್ಲ ತಗ್ಗು ಬಿತ್ತು. ಗಂಡನದು ತಪ್ಪು, ಸರಿ. ಅವನಿಗಿಂತ ಹೆಚ್ಚು ಕೂಗಿದವರು ಯಾರು? ಮಳೆಯಲ್ಲಿ ಬಂದ ಬುದ್ಧಿ ಮಳೆಯ ಜೊತೆಗೇ ಹೋಯಿತೇ? ಹೀಗೆ ಯೋಚಿಸುತ್ತ ಒಂದು ಬಕೀಟಿನ ಅಂಚು ಮುಗಿಸಿ ಸುತ್ತಿಗೆ ಕೆಳಗಿಟ್ಟಳು. ಅದೇ ಕ್ಷಣಕ್ಕೆ ಗಂಡನೂ ಕತ್ತರಿ ಇಟ್ಟ. ಇಟ್ಟದ್ದೇ ತಡ, ಅವನು ದೋಣಿಯ ಅಳತೆ ಹೇಳತೊಡಗಿದ, ಅತ್ತೆ ಬೆನ್ನು ನೋವು ಹೇಳತೊಡಗಿದರು, ಅಕ್ಕ ತಾನೂ ಟೀ ಬೇಕೇ ಎಂದು ಕೂಗಿದ್ದಳು. ಮೂವರೂ ಒಟ್ಟಿಗೆ. ಮತ್ತೆ ಸುತ್ತಿಗೆ ಬಿದ್ದಾಗ ಮೂವರೂ ಒಟ್ಟಿಗೆ ಸುಮ್ಮನಾದರು.

ಅಕ್ಕ ಸುತ್ತಿಗೆ ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿದಳು. ಮತ್ತೆ ಇಬ್ಬರೂ ಮಾತು ಶುರು ಮಾಡಿದರು. ಬಡಿದಳು, ಬಾಯಿ ಮುಚ್ಚಿದರು. ನಿಲ್ಲಿಸಿದಳು, ಬಾಯಿ ತೆರೆದರು. ಯಂತ್ರದ ಹಾಗೆ.

ಅದು ಇಷ್ಟೇ. ಲೋಕದ ಜನಕ್ಕೆ ಸದ್ದಿಲ್ಲದ ಜಾಗ ಎಂದರೆ ಸುಮ್ಮನಿರುವ ಜಾಗ. ಇವರಿಗೆ ಸದ್ದು ನಿಂತಿತೆಂದರೆ ಕೂಡಿಟ್ಟ ಮಾತನ್ನೆಲ್ಲ ಬೇಗ ಬೇಗ ಆಡಿ ಮುಗಿಸುವ ಬಿಡುವು. ಕಾಡು ಎಷ್ಟು ಶಾಂತವಾದರೆ ಇವರ ಬಾಯಿ ಅಷ್ಟು ತೆರೆಯುತ್ತದೆ. ಬೀಗ ಹಾಕಬೇಕಾದ್ದು ಬಾಯಿಗಲ್ಲ. ಅಕ್ಕ ಎದ್ದು ಹೋಗಿ ಗಂಡನ ಎರಡೂ ಕಿವಿಗೆ, ದೊಡ್ಡ ತಗಡು ಬಡಿಯುವಾಗ ಇಟ್ಟುಕೊಳ್ಳುವ ಹತ್ತಿಯನ್ನು ಗಟ್ಟಿಯಾಗಿ ತುರುಕಿದಳು. ಅಂಗಡಿ ಪೂರ್ತಿ ಸದ್ದಿಲ್ಲದೆ ನಿಂತಿದ್ದರೂ ಅವನು ಅಂಗೈ ತಿರುಗಿಸಿ, ಏನು ಎಂದು ಕೈಯಲ್ಲೇ ಕೇಳಿದ.

ಅಕ್ಕ ಅವತ್ತು ಗಂಡನ ಟೀಗೆ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿದಳು.

ಚಳಿ ಬಂತು. ಚಳಿಗಾಲದಲ್ಲಿ ಅಂಗಡಿಗೆ ಅರ್ಜೆಂಟು ಕೆಲಸ ಬಂದು ಕೆಲವು ಭಾನುವಾರ ಹಾಳಾದವು. ಕೆಲವು ಭಾನುವಾರ ಹೋದರೂ ಮಂಜು ಹರಿಯಲೇ ಇಲ್ಲ. ಹೊಸ ಚಿಗುರು ಅಲ್ಲಲ್ಲಿ ಇಣುಕತೊಡಗಿತ್ತು. ಚಿಗುರು ಬಂದರೆ ಚಳಿಗಾಲ ಮುಗಿಯಿತೆಂದೇ ಲೆಕ್ಕ ಎಂದು ಗುಬ್ಬಿ ಹೇಳಿದ್ದಳು. ಸಂಘದ ಮೇಷ್ಟ್ರು ಶಾಲೆಗೆ ಬಂದು ಟೋಪಿಯ ಅಳತೆಯನ್ನೂ ತೆಗೆದುಕೊಂಡು ಹೋಗಿದ್ದರು. ಅದನ್ನು ಕೇಳಿದ ಮೇಲೆ ಅಕ್ಕನಿಗೆ ಅನ್ನ ಇಳಿಯಲಿಲ್ಲ. ಇನ್ನು ಉಳಿದದ್ದು ಈ ಭಾನುವಾರ.

ಬಾಗಿಲಲ್ಲಿ ಗಾರ್ಡ್ ಏನೋ ಹೇಳಿದ. ಮೂವರೂ ಹಲ್ಲು ಕಿರಿದು ತಲೆಯಾಡಿಸಿ ಮುಂದೆ ಹೋದರು. ಕಿವಿಯಿಂದ ಹತ್ತಿಯ ಉಂಡೆಗಳು ಇಣುಕುತ್ತಿದ್ದವು. ಆತ ಬೆರಗಾಗಿ ಗುಬ್ಬಿಯನ್ನು ಕೇಳಿದನಂತೆ, ಜನ ಇಲ್ಲಿಗೆ ಹಕ್ಕಿ ಕೂಗು ಕೇಳಲು ಬರುತ್ತಾರೆ, ನಿಮ್ಮವರು ಕಿವಿ ಮುಚ್ಚಿಕೊಂಡು ಬಂದಿದ್ದಾರಲ್ಲ ಎಂದು. ಅವರ ಪಾಲಿನದೂ ನಾನೇ ಕೇಳ್ತೀನಿ ಬಿಡಿ ಎಂದಳಂತೆ ಅವಳು.

ಹಾಗೇ ಮಾಡಿದಳು. ದಾರಿಯುದ್ದಕ್ಕೂ ನಿಂತು ನಿಂತು, ಯಾವ ಮರದಲ್ಲಿ ಯಾವುದು ಕೂಗುತ್ತಿದೆ ಎಂದು ಕೈಯಲ್ಲಿ ಹೇಳಿದಳು. ಮರಕುಟಿಗಕ್ಕೆ, ಅಮ್ಮನ ಹಾಗೆ ರಿವೆಟ್ ಬಡಿಯುವ ಸನ್ನೆ ಮಾಡಿದಳು. ಅತ್ತೆಗೆ ಅದು ಬಹಳ ಹಿಡಿಸಿತು. ಕಂಡ ಕಂಡ ಮರಕ್ಕೆಲ್ಲ ರಿವೆಟ್ ಬಡಿಯುತ್ತ ನಡೆದರು.

ಮಡುವಿನ ಮೇಲೆ ಮಂಜು ಹಾಲಿನ ಕೆನೆಯ ಹಾಗೆ ನಿಂತಿತ್ತು. ಬಿಸಿಲು ಮರಗಳ ಸಂದಿಯಿಂದ ಇಳಿದಂತೆಲ್ಲ ಅದು ಹರಿದು ಚೂರಾಗುತ್ತಿತ್ತು. ಕುಳಿತರು. ಕಾದರು. ಗುಬ್ಬಿಗೆ ತಡೆಯಲಾಗಲಿಲ್ಲ, ಮರಳಿನ ಮೇಲೆ ಹೆಜ್ಜೆ ಗುರುತು ಇದೆಯೇ ನೋಡಿ ಬರುತ್ತೇನೆ ಎಂದು ಸನ್ನೆ ಮಾಡಿ ಹಾದಿ ಹಿಡಿದು ತಿರುವಿನವರೆಗೆ ಹೋದಳು. ಅಲ್ಲಿ ಇವರಿಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕುಳಿತು ಮರಳು ನೋಡತೊಡಗಿದಳು.

ಅಕ್ಕನ ತೊಡೆಗೆ ಅತ್ತೆಯ ಮೊಣಕೈ ತಾಗಿತು. ಅತ್ತೆ ಮಡುವಿನ ಕಡೆ ಗಲ್ಲ ಎತ್ತಿ, ಅಂಗೈ ಮೇಲೆ ಅಂಗೈಯನ್ನು ಸದ್ದಾಗದಂತೆ ಇಟ್ಟರು. ಗಿರಾಕಿ ಬಂದಿದ್ದಾರೆ. ಆಮೇಲೆ ಮೂರು ಬೆರಳು. ಮೂರು ಜನ.

ಅಕ್ಕ ನೋಡಿದಳು. ಬೇರಿನ ಸಂದಿಯಿಂದ ಚಪ್ಪಟೆ ತಲೆಯೊಂದು ನೀರನ್ನು ಸೀಳಿಕೊಂಡು ಬರುತ್ತಿತ್ತು. ಹಿಂದೆ ಇನ್ನೊಂದು. ಅದರ ಹಿಂದೆ ಚಿಕ್ಕದೊಂದು, ತಾಯಿಯ ಬಾಲ ಹಿಡಿಯಲು ಹಾರುತ್ತ. ಮುಂದಿನದು ಮುಳುಗಿ ಎದ್ದಾಗ ಬಾಯಲ್ಲಿ ಬೆಳ್ಳಿಯಂಥ ಮೀನು ಒದ್ದಾಡುತ್ತಿತ್ತು. ಕಲ್ಲಿನ ಮೇಲೆ ಹತ್ತಿ ಮೈ ಕೊಡವಿತು. ಹನಿಗಳು ಬಿಸಿಲಿಗೆ ಕಿಡಿಯ ಹಾಗೆ ಹಾರಿದವು. ಮೀಸೆ, ಕೈ, ಉಗುರು ಎಲ್ಲ ಕಾಣುತ್ತಿತ್ತು. ಕೈಯಲ್ಲಿ ಹಿಡಿದು ಮನುಷ್ಯರ ಹಾಗೆ ತಿನ್ನುತ್ತಿತ್ತು.

ಕೂಗು ಗಂಟಲಿಗೆ ಬಂದು ಕುಳಿತಿತು. ಹೊಟ್ಟೆಯಿಂದ ಎದ್ದು ಬಂದ ಕೂಗು, ಗುಬ್ಬೀ ಎನ್ನುವ ಕೂಗು. ಬೀದಿಯ ಆ ತುದಿಯಿಂದ ಈ ತುದಿಗೆ ಮಗಳನ್ನು ಊಟಕ್ಕೆ ಕರೆದ ಅಮ್ಮನಿಗೆ ಬೇರೆ ಹೇಗೆ ಕರೆದು ಗೊತ್ತು? ಅಕ್ಕ ಬಾಯಿ ತೆರೆದೇಬಿಟ್ಟಳು. ಗಂಡ ಅವಳ ಕೈ ಹಿಡಿದ. ತೆರೆದ ಬಾಯಿಗೆ ತಣ್ಣನೆ ಗಾಳಿ ಹೋಯಿತು, ಸದ್ದು ಹೊರಗೆ ಬರಲಿಲ್ಲ. ಎದ್ದು ಓಡಿದರೆ ಅವು ಹೋಗುತ್ತವೆ. ಕೂಗಿದರೆ ಹೋಗುತ್ತವೆ. ಸುಮ್ಮನಿದ್ದರೆ, ತಾವಷ್ಟೇ ನೋಡಿ, ಮಗಳು ಮರಳು ನೋಡಿ, ಟೋಪಿ ಹಾಕಿಕೊಂಡು ಹೋಗುತ್ತಾಳೆ. ಕಣ್ಣಲ್ಲಿ ನೀರು ಬಂತು. ಒಂದು ಕಲ್ಲು ಎಸೆಯಲೇ ಎಂದುಕೊಂಡಳು, ಗುರಿ ತಪ್ಪಿದರೆ ಮಡುವಿಗೇ ಬೀಳುತ್ತದೆ.

ಬೆನ್ನು ತಿರುಗಿಸಿ ಕುಳಿತವರನ್ನು ಅಂಗಡಿಯಲ್ಲಿ ಹೇಗೆ ಕರೆಯುತ್ತಿದ್ದರು? ಕೈಸನ್ನೆ ಅವರಿಗೆ ಕಾಣುವುದಿಲ್ಲ. ಸುಮ್ಮನೆ ಕೈಗೆ ಸಿಕ್ಕ ತಗಡಿನ ತುಂಡನ್ನು ಬಾಗಿಲ ಬಿಸಿಲಿಗೆ ಹಿಡಿದು ಅವರ ಮುಂದಿನ ಗೋಡೆಗೆ ಬೆಳಕು ಎಸೆಯುತ್ತಿದ್ದರು, ಅಷ್ಟೇ. ಅಕ್ಕನ ಕೈ ಚೀಲದೊಳಗೆ ಹೋಗಿ ಊಟದ ಡಬ್ಬಿಯ ಮುಚ್ಚಳ ಬಿಚ್ಚಿತು. ಸದ್ದಾಗದ ಹಾಗೆ, ಕೂದಲೆಳೆಯಷ್ಟೇ ತಿರುಗಿಸಿ ತಿರುಗಿಸಿ. ಜೀವಮಾನದಲ್ಲಿ ಅವಳು ಅಷ್ಟು ಮೆಲ್ಲಗೆ ಲೋಹ ಮುಟ್ಟಿರಲಿಲ್ಲ. ಮುಚ್ಚಳವನ್ನು ಬಿಸಿಲಿನ ಕೋಲಿಗೆ ಹಿಡಿದಳು. ಬೆಳಕು ಒಂದು ಮರಕ್ಕೆ ಬಿತ್ತು. ಅಲ್ಲಿಂದ ಪೊದೆಗೆ. ಮಡುವಿನ ಕಡೆ ಹೋಗದ ಹಾಗೆ, ಉಸಿರು ಬಿಗಿಹಿಡಿದು, ಹಾದಿಗೆ ಎಳೆದಳು. ಗುಬ್ಬಿಯ ಬೆನ್ನು ಹತ್ತಿ, ಭುಜ ದಾಟಿ, ಅವಳ ಮುಂದಿನ ಮರಳಿನ ಮೇಲೆ ಆ ದುಂಡನೆಯ ಬೆಳಕು ಹೋಗಿ ನಿಂತು ನಡುಗಿತು.

ಗುಬ್ಬಿಯ ಬೆನ್ನು ನೆಟ್ಟಗಾಯಿತು. ತಿರುಗಿದಳು. ಅಕ್ಕ ಗಲ್ಲ ಎತ್ತಿ ಅಂಗೈ ಮೇಲೆ ಅಂಗೈ ಇಟ್ಟಳು.

ಮಗಳು ಎದ್ದು ಬಂದ ರೀತಿಯನ್ನು ನೋಡಬೇಕಿತ್ತು. ಮಂಜಿನ ಜೊತೆ ಮಂಜಾಗಿ ಬಂದಳು. ಅಮ್ಮನ ಪಕ್ಕದಲ್ಲಿ ಕುಳಿತು, ಮಡುವಿನ ಕಡೆ ನೋಡಿ, ಎರಡೂ ಕೈಯಿಂದ ತನ್ನ ಬಾಯನ್ನು ತಾನೇ ಮುಚ್ಚಿಕೊಂಡಳು. ಮನೆಯವರ ಹಾಗೇ ಕೂಗು ಬಂದು ತಡೆದುಕೊಳ್ಳಬೇಕಾದ ಪಾಡು ಅವಳಿಗೂ ಬಂತು. ಮರಿ ಮೀನನ್ನು ಕಸಿದುಕೊಳ್ಳಲು ಹೋಗಿ ನೀರಿಗೆ ಬಿತ್ತು. ತಾಯಿ ಅದರ ಕುತ್ತಿಗೆ ಕಚ್ಚಿ ಮೇಲೆ ಎಳೆದು, ಎರಡು ಬಾರಿಸಿ, ಮೀನು ಕೊಟ್ಟಿತು. ಗಂಡ ಅಕ್ಕನನ್ನು ತೋರಿಸಿ, ನಿನ್ನ ಹಾಗೇ ಎಂದು ಸನ್ನೆ ಮಾಡಿದ. ಅಕ್ಕ ಅವನ ತೊಡೆಗೆ ಜಿಗುಟಿದಳು. ಅವನು ಸದ್ದು ಮಾಡದೆ ಅದನ್ನು ಸಹಿಸಿದ, ಅದೂ ಒಂದು ಸಾಧನೆಯೇ.

ಅವು ಹೋಗಲೇ ಇಲ್ಲ. ತಿಂದವು, ಆಡಿದವು, ಬಿಸಿಲಿಗೆ ಮೈ ಒಡ್ಡಿ ಮಲಗಿದವು. ಅಕ್ಕನಿಗೆ ಮಾತ್ರ ಒಂದು ಕೆಲಸ ಬಾಕಿ ಇತ್ತು. ಮಗಳ ಕಡೆ ತಿರುಗಿ, ಸುತ್ತಿಗೆ ಕೆಳಗಿಡುವ ಸನ್ನೆ ಮಾಡಿದಳು. ಅಂಗಡಿಯಲ್ಲಿ ಅದರ ಅರ್ಥ ಭಾನುವಾರ. ಆಮೇಲೆ ನಾಲ್ಕು ಬೆರಳು ಎತ್ತಿ ತನ್ನ ಎದೆ ತೋರಿಸಿದಳು. ಮಾತು ಮಾತೇ. ತಿಂಗಳ ನಾಲ್ಕೂ ನನ್ನವು.

ಗುಬ್ಬಿ ತಲೆಯಾಡಿಸಿದಳು, ಹೌದು ಎಂದೇ. ಆದರೆ ಕೈ ಸುಮ್ಮನಿರಲಿಲ್ಲ. ತಲೆಯ ಮೇಲೆ ಟೋಪಿ ಇಟ್ಟ ಹಾಗೆ ಮಾಡಿ, ಎರಡು ಬೆರಳು ತೋರಿಸಿದಳು. ಎರಡು ಅವರ ಜೊತೆ?

ಅಕ್ಕನ ಮೂಗು ಕೆಂಪಾಯಿತು. ಗೆದ್ದ ಮೇಲೂ ಚೌಕಾಸಿಯೇ? ಆಗುವುದಿಲ್ಲ ಎಂದು ಕೈ ಬೀಸಿದಳು. ಗುಬ್ಬಿ ಅಂಗಡಿಗೆ ಬರುವ ಜಿಪುಣ ಗಿರಾಕಿಯ ಹಾಗೆ ಮುಖ ಸಣ್ಣದು ಮಾಡಿ, ಎದ್ದು ಹೋಗುವವಳ ಹಾಗೆ ಅರ್ಧ ಎದ್ದು, ಮತ್ತೆ ಕುಳಿತು, ಒಂದು ಬೆರಳು ತೋರಿಸಿದಳು. ಒಂದೇ ಒಂದು. ಅವಳ ಭುಜ ಅಮ್ಮನ ಭುಜಕ್ಕೆ ಒತ್ತಿಕೊಂಡಿತ್ತು. ಬಸ್ಸಿನಿಂದ ದೂರ ದೂರ ಇಳಿಯುತ್ತಿದ್ದ ಹುಡುಗಿ. ಅಕ್ಕ ಆ ಒಂದು ಬೆರಳನ್ನು ನೋಡಿದಳು. ಸೋತಿದ್ದರೆ ಅದನ್ನು ಮುರಿದೇ ಹಾಕುತ್ತಿದ್ದಳು. ಗೆದ್ದವಳಿಗೆ ಬಿಟ್ಟುಕೊಡುವುದು ಅಷ್ಟು ಕಷ್ಟವಲ್ಲ.

ಆದರೂ ವ್ಯಾಪಾರ ವ್ಯಾಪಾರವೇ. ಒಂದು ಎಂದು ಒಪ್ಪಿ ತಲೆಯಾಡಿಸಿದವಳು, ಕೊನೆಗೆ ತನ್ನ ಹೆಬ್ಬೆರಳನ್ನು ಎತ್ತಿ ಮಗಳ ಮೂಗಿನ ಮುಂದೆ ಹಿಡಿದಳು. ಐದು ಭಾನುವಾರ ಬರುವ ತಿಂಗಳೂ ಇರುತ್ತವಲ್ಲ, ಆ ಐದನೆಯದು?

ಗುಬ್ಬಿ ನಗು ತಡೆಯಲು ತುಟಿ ಕಚ್ಚಿದಳು. ಅಮ್ಮನ ಒರಟು ಹೆಬ್ಬೆರಳನ್ನು ಹಿಡಿದು, ನಿಧಾನವಾಗಿ ಅಮ್ಮನ ಎದೆಯ ಕಡೆಗೇ ತಿರುಗಿಸಿದಳು. ಎದುರಿಗೆ ಕಲ್ಲಿನ ಮೇಲೆ ಮರಿ ಇನ್ನೊಂದು ಮೀನಿಗೆ ಬಾಯಿ ಹಾಕಿತ್ತು.